ಅಂಜಿನಪ್ಪ ಹೊಲಿದ ಚೆಂಡು

ಎಂಟನೇ ಓವರಿನಲ್ಲಿ ಚೆಂಡು ಬಾಯಿ ಬಿಟ್ಟಿತು.

ಹೊಸ ಚೆಂಡು. ಮೇಲಿನ ಬಂಗಾರದ ಅಕ್ಷರ ಇನ್ನೂ ಮಾಸಿರಲಿಲ್ಲ. ಅಂಪೈರ್ ವಾಗೀಶ್ ಎತ್ತಿ ನೋಡಿದ. ನಾಲ್ಕು ಬೆರಳಗಲ ಹೊಲಿಗೆ ಬಿಚ್ಚಿಕೊಂಡು ಒಳಗಿನ ನೂಲು ಇಣುಕುತ್ತಿತ್ತು. ಬೇರೆ ಚೆಂಡು ತನ್ನಿ ಎಂದ. ಬೇರೆ ಚೆಂಡು ಇರಲಿಲ್ಲ. ಆದೋನಿಯ ಆ ಅಕಾಡೆಮಿ ಮೈದಾನದಲ್ಲಿ ಅವತ್ತು ಅಧ್ಯಕ್ಷರ ಫೋಟೋ ಇದ್ದ ಬ್ಯಾನರು ಏಳು ಇದ್ದವು. ಅತಿಥಿಗಳಿಗೆ ಹೊದಿಸಲು ಶಾಲು ಇದ್ದವು, ಹಾರ ಇದ್ದವು, ಹಾರ ಹಾಕುವುದನ್ನು ಮೇಲಿನಿಂದ ಹಿಡಿಯಲು ಡ್ರೋನ್ ಕ್ಯಾಮರಾ ಇತ್ತು. ಚೆಂಡು ಮಾತ್ರ ಎರಡೇ ತರಿಸಿದ್ದರು, ಇನ್ನಿಂಗ್ಸಿಗೊಂದು; ಎರಡನೆಯದನ್ನು ಈಗಲೇ ತೆಗೆಯುವಂತಿರಲಿಲ್ಲ. ಕ್ರಿಕೆಟ್ಟಿಗೆ ಚೆಂಡೂ ಬೇಕು ಎಂಬುದು ಸಮಿತಿಯ ಗಮನಕ್ಕೆ ಬಂದದ್ದೇ ಹೆಚ್ಚು.

"ಅಂಜಿನಪ್ಪನ್ನ ಕರೀರಿ," ಎಂದ ಕೋಚ್ ಲಕ್ಷ್ಮಿಕಾಂತ್.

ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ಅಂಜಿನಪ್ಪ ಹೊಳಗುಂದದ ಕಡೆಯವನು. ಹದಿನೈದು ವರ್ಷದಿಂದ ಬಸ್‌ಸ್ಟ್ಯಾಂಡಿನ ಹೊರಗೋಡೆಗೆ ಬೆನ್ನು ಕೊಟ್ಟು ಕೂತು ಚಪ್ಪಲಿ ಹೊಲಿಯುತ್ತಾನೆ. ಅಕಾಡೆಮಿಯ ಪ್ರಾಕ್ಟೀಸ್ ಚೆಂಡುಗಳು ಹರಿದಾಗಲೆಲ್ಲ ಗೋಣಿಚೀಲದಲ್ಲಿ ಅವನ ಮುಂದೆ ಬಂದು ಬೀಳುತ್ತಿದ್ದವು. ಮೇಣ ಹಚ್ಚಿದ ದಾರ ಎಳೆದು ಹೊಲಿದು ಕೊಡುತ್ತಿದ್ದ. ಅದಕ್ಕೆ ಬದಲಾಗಿ ಅವನ ಮಗಳನ್ನು ಫೀಸಿಲ್ಲದೆ ಸೇರಿಸಿಕೊಂಡಿದ್ದರು. ಒಪ್ಪಂದ ಬಾಯಿಮಾತಿನದು. ಎರಡು ವರ್ಷದಲ್ಲಿ ಹೊಲಿಗೆ ತಪ್ಪಿರಲಿಲ್ಲ.

ಆ ಮಗಳು ನಾಗಜ್ಯೋತಿ. ಹದಿನೆಂಟು ವರ್ಷ. ಚೆಂಡು ಹರಿದಾಗ ಅದು ಇದ್ದದ್ದು ಅವಳ ಕೈಯಲ್ಲೇ.

ಅವತ್ತಿನದು ಆಯ್ಕೆಯ ಪಂದ್ಯ. ನಾಲ್ಕು ಅಕಾಡೆಮಿಯ ಹುಡುಗಿಯರನ್ನು ಕಲಸಿ ಎರಡು ತಂಡ ಮಾಡಿದ್ದರು. ಚೆನ್ನಾಗಿ ಆಡಿದ ಹದಿನೈದು ಜನಕ್ಕೆ ವಿಜಯವಾಡದಲ್ಲಿ ಹತ್ತು ದಿನದ ಕ್ಯಾಂಪು. ಅಲ್ಲಿ ರಾಜ್ಯ ತಂಡ ಆರಿಸುವವರು ಬಂದು ನೋಡುತ್ತಾರೆ. ನಾಗಜ್ಯೋತಿಯನ್ನು ಅದುವರೆಗೆ ನೋಡಿದವರು ಬಲೆಯ ಆಚೆಯ ಬ್ಯಾಟ್ಸ್‌ಮನ್ನುಗಳು ಮಾತ್ರ. ನಾಲ್ಕು ಅಕಾಡೆಮಿಯಲ್ಲೂ ಅವಳಷ್ಟು ಜೋರಾಗಿ ಎಸೆಯುವ ಹುಡುಗಿ ಇರಲಿಲ್ಲ. ಹಾಗಾಗಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಎಲ್ಲರಿಗೂ ಅವಳೇ ಎಸೆಯಬೇಕು. ಬ್ಯಾಟು ಹಿಡಿಯಲು ಅವಳ ಸರದಿ ಬಂದಾಗ ಹೊತ್ತಾಗಿರುತ್ತಿತ್ತು, ಪ್ಯಾಡು ಚೀಲ ಸೇರಿರುತ್ತಿದ್ದವು. ಬೇರೆ ಹುಡುಗಿಯರು ಆರು ಓವರು ಹಾಕಿದರೆ ಕೋಚ್ ಕೈಯೆತ್ತಿ ನಿಲ್ಲಿಸುತ್ತಿದ್ದ. ಭುಜದ ಮೇಲೆ ಲೋಡ್ ಬೀಳಬಾರದು ಎನ್ನುತ್ತಿದ್ದ. ನಾಗಜ್ಯೋತಿಯ ಭುಜಕ್ಕೆ ಲೋಡ್ ಎಂಬುದು ಇರಲಿಲ್ಲ, ಕೆಲಸ ಇತ್ತು. ಎಡಗಾಲಿನ ಹೆಬ್ಬೆರಳ ಉಗುರು ಎರಡು ಸಲ ಕಪ್ಪಾಗಿ ಬಿದ್ದುಹೋಗಿತ್ತು. ಮೂರನೆಯದು ಬರುತ್ತಿತ್ತು.

ನೀರಿನ ಬಾಟಲಿ ಅವಳದು ಬೇರೆ. ಕೊರೊನಾ ಕಾಲದಲ್ಲಿ ಎಲ್ಲರದೂ ಬೇರೆ ಬೇರೆ ಮಾಡಿದ್ದರಂತೆ. ಕೊರೊನಾ ಹೋಯಿತು. ಉಳಿದವರ ಬಾಟಲಿಗಳು ಒಂದಾದವು, ತಬ್ಬಿಕೊಳ್ಳುವುದು, ಹೆಗಲ ಮೇಲೆ ಕೈ ಹಾಕುವುದು ಎಲ್ಲ ವಾಪಸು ಬಂತು. ನಾಗಜ್ಯೋತಿಯ ಮಟ್ಟಿಗೆ ಮಾತ್ರ ಮುಂಜಾಗ್ರತೆ ಮುಂದುವರಿಯಿತು. ಆಕೆ ವಿಕೆಟ್ ತೆಗೆದರೆ ಹುಡುಗಿಯರು ನಿಂತಲ್ಲೇ ಚಪ್ಪಾಳೆ ತಟ್ಟುತ್ತಿದ್ದರು. ಈ ರೋಗಕ್ಕೆ ಜಾತಿ ಎಂದು ಹೆಸರು. ಲಸಿಕೆ ಹಾಕಿಸಿಕೊಂಡವರೇ ಇದನ್ನು ಹರಡುತ್ತಾರೆ.

ಅಂಜಿನಪ್ಪ ಪೆಟ್ಟಿಗೆ ಹೊತ್ತು ಬಂದ. ಬೌಂಡರಿಯ ಸುಣ್ಣದ ಗೆರೆಯ ಆಚೆಗೇ ಕುಕ್ಕರಗಾಲಲ್ಲಿ ಕೂತ. ಒಳಗೆ ಬರಬೇಡ ಎಂದು ಯಾರೂ ಹೇಳಿರಲಿಲ್ಲ. ಅಂಪೈರೇ ನಡೆದು ಹೋಗಿ ಚೆಂಡು ಕೊಟ್ಟ.

"ಲಗೂ ಮಾಡೋ ಅಂಜಿನಪ್ಪ. ಬಿಸಿಲು ನೆತ್ತಿಗೆ ಬಂತು," ಎಂದ ಕೋಚ್.

"ಲಗೂ ಅಂದ್ರ ಲಗೂ ಆಗತೈತೇನ್ರಿ ಸಾರು. ಇದು ಎಮ್ಮಿ ತೊಗಲಲ್ಲ."

"ಏನರ ಒಂದು ಹೇಳ್ತಿಯಪ್ಪ ನೀನು."

ಅಂಜಿನಪ್ಪ ಹೊಲಿದ. ವಾಗೀಶ್ ಸೊಂಟದ ಮೇಲೆ ಕೈಯಿಟ್ಟು ಅವನ ತಲೆಯ ಮೇಲೇ ನಿಂತು ನೋಡಿದ. ನಾಗಜ್ಯೋತಿ ತನ್ನ ಓಟ ಶುರುವಾಗುವ ಗುರುತಿನ ಬಳಿ ನಿಂತಿದ್ದಳು. ಉಳಿದ ಹತ್ತು ಜನ ನೆರಳಿಗೆ ಹೋಗಿ ಒಂದೇ ಬಾಟಲಿಯಿಂದ ಸರದಿಯಲ್ಲಿ ನೀರು ಕುಡಿದರು. ಹೊಲಿದ ಮೇಲೆ ಅಂಜಿನಪ್ಪ ಚೆಂಡನ್ನು ಚಪ್ಪಲಿ ಬಡಿಯುವ ಕಬ್ಬಿಣದ ಅಡಿಯ ಮೇಲಿಟ್ಟು ಮರದ ಕೊಡತಿಯಿಂದ ಬಡಿದ. ಸುತ್ತ ತಿರುಗಿಸುತ್ತ ಬಡಿದ. ಸಾಕೆನ್ನುವಷ್ಟು ಬಡಿದು ಮತ್ತೆ ಬಡಿದ. ವಾಗೀಶ್ ಕೈಯಲ್ಲಿ ತೂಗಿ, ತಲೆಯಾಡಿಸಿ, ತಂದು ಅವಳಿಗೆ ಕೊಟ್ಟ.

ನಾಗಜ್ಯೋತಿ ಎರಡು ಬೆರಳು ಹೊಲಿಗೆಯ ಮೇಲೆ ಇಟ್ಟಳು. ಅಲ್ಲಿ ಹೊಲಿಗೆಯೇ ಇರಲಿಲ್ಲ.

ಇತ್ತು. ಕೈಗೆ ಸಿಗುತ್ತಿರಲಿಲ್ಲ. ಪ್ರಾಕ್ಟೀಸ್ ಚೆಂಡಿಗೆ ಅವಳಪ್ಪ ಹಾಕುವ ಹೊಲಿಗೆ ಹೊಲದ ಬದುವಿನಂತೆ ಎದ್ದು ನಿಲ್ಲುತ್ತಿತ್ತು. ಹೊಲಿಗೆ ಎದ್ದಿದ್ದರೆ ಚೆಂಡು ನೆಲಕ್ಕೆ ಬಿದ್ದು ಅತ್ತಿತ್ತ ಹೊರಳುತ್ತದೆ, ವೇಗದ ಬೌಲರಿಗೆ ಅದೇ ಜೀವ. ಇದನ್ನು ಅವನು ಬಡಿದು ಮಲಗಿಸಿಬಿಟ್ಟಿದ್ದ. ತಿಕ್ಕಿದರೂ ಬೆರಳಿಗೆ ಹತ್ತದಂತೆ ಒಂದೊಂದು ಹೊಲಿಗೆಯನ್ನೂ ತೊಗಲಿನೊಳಗೆ ಹುಗಿದಿದ್ದ.

ಅವಳು ಅಪ್ಪನ ಕಡೆ ನೋಡಿದಳು. ಅವನು ಪೆಟ್ಟಿಗೆ ಮುಚ್ಚುತ್ತಿದ್ದ. ತಲೆ ಎತ್ತಲಿಲ್ಲ.

ಅವಳಿಗೆ ಅರ್ಥವಾಯಿತು. ಎಸೆಯುವವಳು ಮಗಳು, ಹೊಲಿದವನು ಅಪ್ಪ. ನಾಳೆ ಒಬ್ಬರ ಬಾಯಲ್ಲೂ ಒಂದು ಮಾತು ಬರಬಾರದು. ಅದಕ್ಕೆ ಹೊಲಿಗೆಯನ್ನು ಕೊಂದಿದ್ದ. ಮಗಳ ಮ್ಯಾಚಿನ ಗತಿ ಏನು ಎಂದು ಯೋಚಿಸಲಿಲ್ಲ. ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ ಕಣ್ಣು ಉರಿದವು. ಆ ಸಿಟ್ಟಿನಲ್ಲೇ ಓಡಿದಳು.

ಅಲ್ಲಿಯವರೆಗೆ ಅವಳಿಗೆ ಒಂದೂ ವಿಕೆಟ್ ಸಿಕ್ಕಿರಲಿಲ್ಲ. ಹೊಸ ಚೆಂಡು ವಿಪರೀತ ಹೊರಳುತ್ತಿತ್ತು. ಬ್ಯಾಟನ್ನೂ ತಪ್ಪಿಸುತ್ತಿತ್ತು, ಸ್ಟಂಪನ್ನೂ ತಪ್ಪಿಸುತ್ತಿತ್ತು. ಈಗ ಹೊರಳುವ ಮಾತೇ ಇಲ್ಲ. ಉಳಿದದ್ದು ಒಂದೇ ದಾರಿ. ಜೋರಾಗಿ, ನೇರ, ಸ್ಟಂಪಿನ ಬುಡಕ್ಕೆ. ಹಾಗೇ ಎಸೆದಳು. ಆರು ವಿಕೆಟ್ ಬಿದ್ದವು. ಅದರಲ್ಲಿ ನಾಲ್ಕು ಸ್ಟಂಪ್ ಹಾರಿ ಬಿದ್ದದ್ದು. ಎದುರು ತಂಡದ ಕ್ಯಾಪ್ಟನ್ ಭುವನಾಳ ನಡುವಿನ ಸ್ಟಂಪು ಕೀಪರಿನ ಕಾಲ ಹತ್ತಿರ ಹೋಗಿ ಬಿತ್ತು. ಆ ಚೆಂಡು ನೆಲ ಮುಟ್ಟಿರಲೇ ಇಲ್ಲ. ಗಾಳಿಯಲ್ಲೇ ಬಂದು ಬ್ಯಾಟಿನ ಕೆಳಗೆ ನುಗ್ಗಿತ್ತು. ಹೊಲಿಗೆಗೆ ಅಲ್ಲಿ ಕೆಲಸವೇ ಇರಲಿಲ್ಲ.

ಇನ್ನೊಂದು ತುದಿಯಿಂದ ಅದೇ ಚೆಂಡಿನಲ್ಲಿ ಇನ್ನಿಬ್ಬರು ಎಸೆದರು. ಅವರಿಗೆ ಏನೂ ಸಿಗಲಿಲ್ಲ. ಇದು ಆಮೇಲೆ ಮಾತಾಡಿದವರಲ್ಲಿ ಯಾರಿಗೂ ನೆನಪಾಗಲಿಲ್ಲ.

ಭುವನಾ ಅಕಾಡೆಮಿಯ ಅಧ್ಯಕ್ಷ ಸಿದ್ದಬಸಪ್ಪನವರ ಮಗಳು. ಹತ್ತಿ ಜಿನ್ನಿಂಗ್ ಮಿಲ್ಲಿನ ಸಿದ್ದಬಸಪ್ಪ. ಬ್ಯಾನರಿನ ಸಿದ್ದಬಸಪ್ಪ.

ಮೂರನೇ ದಿನ ಅಂಜಿನಪ್ಪ, ನಾಗಜ್ಯೋತಿ ಇಬ್ಬರನ್ನೂ ಅಕಾಡೆಮಿಯ ಆಫೀಸಿಗೆ ಕರೆಸಿದರು. ಸಿದ್ದಬಸಪ್ಪ ಮೇಜಿನ ಹಿಂದೆ. ಪಕ್ಕದಲ್ಲಿ ಲಕ್ಷ್ಮಿಕಾಂತ್. ಸೋಫಾದಲ್ಲಿ ಭುವನಾ, ಕೈಯಲ್ಲಿ ಫೋನು. ಮೇಜಿನ ಮುಂದೆ ಎರಡು ಕುರ್ಚಿ ಖಾಲಿ ಇದ್ದವು. ಖಾಲಿಯೇ ಉಳಿದವು. ಅಂಜಿನಪ್ಪ ಚಪ್ಪಲಿ ಹೊರಗೆ ಬಿಟ್ಟು ಬಾಗಿಲ ಬಳಿ ನಿಂತ. ಒಳಗೆ ಕೂತವರ ಚಪ್ಪಲಿಗಳೆಲ್ಲ ಅವರವರ ಕಾಲಲ್ಲೇ ಇದ್ದವು. ಅದರಲ್ಲಿ ಒಂದು ಜೊತೆ ಅವನೇ ಹೊಲಿದದ್ದು.

"ಛಲೋ ಎಸದಿ ಬಿಡವಾ ಮೊನ್ನಿ," ಎಂದರು ಸಿದ್ದಬಸಪ್ಪ. "ನನ್ನ ಮಗಳನ್ನ ಬೌಲ್ಡ್ ಮಾಡಿದಿ. ನನಗೇನು ಸಿಟ್ಟಿಲ್ಲ. ಆಟ ಅಂದ ಮ್ಯಾಲ ಆಟ."

"ಹೌದ್ರಿ."

"ಆದ್ರ ನಾಕು ಮಂದಿ ಮಾತಾಡಾಕತ್ಯಾರ. ಅಪ್ಪ ಹೊಲದಾನ, ಮಗಳು ಎಸದಾಳ, ಹೊಲಿಗಿ ಎತ್ತರ ಮಾಡಿ ಕೊಟ್ಟಾನ ಅಂತ. ಆ ಮೂರು ಅಕಾಡೆಮಿಯವರು ಕಂಪ್ಲೇಂಟ್ ಕೊಟ್ಟಾರ. ಈಗ ನಾನು ಅಧ್ಯಕ್ಷ. ನಾನು ಏನಂತ ಹೇಳಲಿ?"

"ಹೊಲಿಗಿ ಎತ್ತರ ಇರಲಿಲ್ಲ ಅಂತ ಹೇಳ್ರಿ."

ಸಿದ್ದಬಸಪ್ಪ ನಕ್ಕರು. ಒಳ್ಳೆಯ ನಗೆ. ಬ್ಯಾನರಿನಲ್ಲಿ ಇದ್ದದ್ದೂ ಅದೇ.

ಲಕ್ಷ್ಮಿಕಾಂತ್ ಒಂದು ಹಾಳೆ ಮುಂದೆ ತಳ್ಳಿದ. ತೆಲುಗಿನಲ್ಲಿ ಟೈಪ್ ಮಾಡಿದ ಕ್ಷಮಾಪಣೆ ಪತ್ರ. ನನ್ನ ತಂದೆ ನನಗೆ ಅನುಕೂಲವಾಗಲೆಂದು ಚೆಂಡಿನ ಹೊಲಿಗೆಯನ್ನು ಎತ್ತರಿಸಿದ್ದು ನಿಜ, ಇದು ನನಗೆ ಗೊತ್ತಿತ್ತು, ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ. ಕೆಳಗೆ ಅವಳ ಹೆಸರು. ಹೆಸರಿನ ಕಾಗುಣಿತ ಸರಿಯಾಗಿತ್ತು. ಎರಡು ವರ್ಷದಲ್ಲಿ ಅಕಾಡೆಮಿಯ ಕಾಗದವೊಂದರಲ್ಲಿ ಅವಳ ಹೆಸರು ಪೂರ್ತಿ ಬಂದದ್ದು ಅದೇ ಮೊದಲು.

"ಚೂಡಮ್ಮಾ, ಇದು ಬರೀ ಫಾರ್ಮಾಲಿಟಿ," ಎಂದ ಕೋಚ್. ಅವನ ಮನೆಮಾತು ತೆಲುಗು, ಕೆಲಸ ಆಗಬೇಕಾದಾಗ ಕನ್ನಡ. "ಸಂತಕಂ ಪೆಟ್ಟು, ಮುಗೀತು. ಆ ಆರು ವಿಕೆಟ್ ಲೆಕ್ಕಕ್ಕಿರಲ್ಲ, ಆದ್ರೆ ನಿನ್ನ ಹೆಸರು ಹದಿನೈದರಲ್ಲಿ ಇರ್ತದೆ. ವಿಜಯವಾಡ ಪೋತಾವು. ಅಲ್ಲಿ ನಿನ್ನ ಸ್ಪೀಡ್ ನೋಡಿದ್ರೆ ಈ ಪೇಪರ್ ಯಾರು ಕೇಳ್ತಾರೆ?"

"ಸಹಿ ಹಾಕಲಿಲ್ಲಂದ್ರ?"

"ಹಾಕದೆ ಏನು ಮಾಡ್ತೀಯ?"

ಅದು ಪ್ರಶ್ನೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಆಗ ಬಾಗಿಲ ಬಳಿಯಿಂದ ಅಂಜಿನಪ್ಪ ಮಾತಾಡಿದ.

"ನಾನ ಮಾಡೀನ್ರಿ ಸಾವ್ಕಾರ್ರ. ಎತ್ತರ ಮಾಡೀನಿ. ಮಗಳ ಮ್ಯಾಲಿನ ಮೋಹ, ತಪ್ಪಾತು. ಆಕಿಗೇನೂ ಗೊತ್ತಿಲ್ಲ. ನನ್ನ ಹೆಬ್ಬಟ್ಟು ತಗೋರಿ. ಆಕಿನ್ನ ಕಳಿಸ್ರಿ."

ನಾಗಜ್ಯೋತಿ ತಿರುಗಿ ನೋಡಿದಳು. ಅಪ್ಪ ಕೈ ಕಟ್ಟಿಕೊಂಡಿದ್ದ. ದಾರ ಎಳೆದೆಳೆದು ತೋರುಬೆರಳಿನ ಬದಿಯಲ್ಲಿ ಆಳವಾದ ಗೀರು ಬಿದ್ದ ಕೈ. ಹೊಲಿದದ್ದು ಬಿಟ್ಟುಹೋಯಿತು ಎಂದು ಯಾರೂ ಹದಿನೈದು ವರ್ಷದಲ್ಲಿ ವಾಪಸು ತಂದಿರದ ಕೈ. ಅದನ್ನು ಅವನು ಮೇಜಿನ ಮೇಲೆ ಇಡಲು ತಯಾರಾಗಿದ್ದ.

"ನೋಡು. ನಿಮ್ಮಪ್ಪನ ಒಪ್ಪಿದ," ಎಂದರು ಸಿದ್ದಬಸಪ್ಪ. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. "ದೊಡ್ಡ ಮನಸು. ಕಲಿ ಸ್ವಲ್ಪ."

"ಸುಳ್ಳು," ಎಂದಳು ನಾಗಜ್ಯೋತಿ.

"ಜೋತಿ, ಸುಮ್ಕಿರು," ಎಂದ ಅಂಜಿನಪ್ಪ.

"ಯಪ್ಪಾ, ನೀನು ಸುಮ್ಕಿರು. ಸಾವ್ಕಾರ್ರ, ಆ ಬಾಲ್ ತರಸ್ರಿ. ಬೆರಳಾಡಿಸಿ ನೋಡ್ರಿ. ಅದಕ್ಕ ಹೊಲಿಗೀನ ಇಲ್ಲ. ಬಡದು ಬಡದು ಚಪ್ಪಟಿ ಮಾಡ್ಯಾನ. ನಿಮ್ಮ ಮಂದಿ ಹಿಂಗ ಮಾತಾಡ್ತಾರಂತ ಅಂಜಿ ಮಾಡ್ಯಾನ."

ಸಿದ್ದಬಸಪ್ಪ ಕೋಚ್ ಕಡೆ ನೋಡಿದರು. ಕೋಚ್ ಕಿಟಕಿ ಕಡೆ ನೋಡಿದ.

"ಆ ಬಾಲ್... ಎಲ್ಲೋ ಮಿಸ್ ಆಗಿದೆ."

"ಅದ ಬಾಲ್‌ನ್ಯಾಗ ಆ ತುದಿಯಿಂದ ಇಬ್ರು ಎಸದ್ರಲ್ಲ? ಹೊಲಿಗಿ ಎತ್ತರ ಇದ್ದದ್ದು ಅವರ ಕೈಗೆ ಹೆಂಗ ಸಿಗಲಿಲ್ಲ?"

ನಾಗಜ್ಯೋತಿ ಸೋಫಾದ ಕಡೆ ತಿರುಗಿದಳು.

"ಭುವನಕ್ಕ. ನೀನ ಹೇಳು. ನಿನಗ ಹಾಕಿದ ಬಾಲ್ ನೆಲಕ್ಕ ಬಿದ್ದಿತ್ತೇನು?"

ಭುವನಾ ಫೋನಿನಿಂದ ಕಣ್ಣೆತ್ತಿದಳು. ಎರಡು ವರ್ಷ ಬೆಳಗಾದರೆ ಇಪ್ಪತ್ತೆರಡು ಗಜ ಅಂತರದಲ್ಲಿ ಎದುರುಬದುರಾಗಿದ್ದವರು. ಭುವನಾ ಒಳ್ಳೆಯ ಆಟಗಾರ್ತಿ. ಚೆಂಡು ಎಲ್ಲಿ ಬೀಳುತ್ತದೆ, ಬೀಳುವುದಿಲ್ಲ ಎಂಬುದನ್ನು ಆ ಕೋಣೆಯಲ್ಲಿ ಅವಳಷ್ಟು ಸರಿಯಾಗಿ ಬಲ್ಲವರಿರಲಿಲ್ಲ. ಅವಳ ಬಾಯಿ ತುಸು ತೆರೆಯಿತು.

"ನನಗ ನೆನಪಿಲ್ಲ," ಎಂದಳು.

ಅವಳ ಕಿವಿ ಕೆಂಪಾದವು. ಮತ್ತೆ ಫೋನಿಗೆ ಬಗ್ಗಿದಳು.

ಆ ಕೋಣೆಯಲ್ಲಿ ಐದು ಜನ ಇದ್ದರು. ಐವರಿಗೂ ನಿಜ ಗೊತ್ತಿತ್ತು. ಹೇಳುವವಳು ಒಬ್ಬಳೇ ಆದಳು.

ಕೋಚ್ ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಮೇಲಿಟ್ಟ. ಅವಳು ಪೆನ್ನು ಎತ್ತಿಕೊಂಡಳು. ಸಿದ್ದಬಸಪ್ಪ ಬೆನ್ನು ಹಿಂದಕ್ಕೊರಗಿಸಿದರು. ಅವಳು ಪೆನ್ನಿನ ಮುಚ್ಚಳ ಹಾಕಿ ಕೋಚ್‌ನ ಕೈಗೆ ಕೊಟ್ಟಳು.

"ನಮ್ಮಪ್ಪ ಕಳ್ಳ ಅಂತ ನಾನು ಬರಕೊಡಂಗಿಲ್ಲ. ನಡಿ ಯಪ್ಪಾ."

ಇಬ್ಬರೂ ಮನೆಯ ಕಡೆ ನಡೆದರು. ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಮಾರ್ಕೆಟ್ ಯಾರ್ಡಿನ ಕಡೆ ಸಾಲುಗಟ್ಟಿದ್ದವು. ರೈಲ್ವೆ ಗೇಟು ಹಾಕಿತ್ತು. ಗೇಟಿನ ಬಳಿ ನಿಂತಾಗ ಅಂಜಿನಪ್ಪ ಹೇಳಿದ.

"ಸಹಿ ಹಾಕಿದ್ರ ಹೋಗತಿದ್ದಿ."

"ನೀನು ಯಾಕ ಹೊಲಿಗಿ ಸಾಯಿಸಿದಿ?"

"ಮಂದಿ ಮಾತಾಡ್ತಾರಂತ."

"ಮಾತಾಡಿದ್ರಲ್ಲ."

ಗೂಡ್ಸ್ ಗಾಡಿ ಹೋಯಿತು. ಉದ್ದನೆಯದು. ಕೊನೆಯ ಡಬ್ಬಿ ದಾಟುವವರೆಗೆ ಅಂಜಿನಪ್ಪ ಚಕ್ರಗಳನ್ನೇ ನೋಡಿದ. ಗೇಟು ಎತ್ತಿದ ಮೇಲೆ ಮುಂದೆ ನಡೆದ.

ಅಂಜಿನಪ್ಪನ ಹೆಂಡತಿ ರಾಮಲಕ್ಷ್ಮಿ ಜಿನ್ನಿಂಗ್ ಕೆಲಸದಿಂದ ಬಂದಾಗ ತಲೆ, ಹುಬ್ಬು ಎಲ್ಲ ಹತ್ತಿಯ ಧೂಳು. ನಡೆದದ್ದನ್ನು ಕೇಳಿ ಮೊದಲು ಮಗಳಿಗೆ ತಗುಲಿಕೊಂಡಳು.

"ಒಂದು ಸಹಿ ಹಾಕಿದ್ರ ಕೈ ಸವೀತಿತ್ತೇನ ನಿಂದು? ಅಕಾಡೆಮಿ ಅಂತ ಎರಡು ವರ್ಷ ಕುಣದಿ. ಈಗ ನನ್ನ ಕೂಡ ಮಿಲ್ಲಿಗೆ ಬಾ, ಬೀಜ ಆರಸು."

"ಅಪ್ಪ ಅಲ್ಲೇನು ಹೇಳಿದ ಗೊತ್ತೈತೇನು? ತಾನ ಎತ್ತರ ಮಾಡೀನಿ ಅಂದ."

ರಾಮಲಕ್ಷ್ಮಿ ಗಂಡನ ಕಡೆ ತಿರುಗಿದಳು.

"ಇಷ್ಟು ವರ್ಷದಾಗ ಒಂದು ಸುಳ್ಳು ಹೇಳಾಕ ಬರಲಿಲ್ಲ ನಿನಗ. ಮನಿ ಮಾಲೀಕ ಬಂದಾಗ ಗಂಡ ಊರಾಗಿಲ್ಲ ಅಂತ ನಾನು ಅಂದ್ರ, ಒಳಗಿಂದ ಕೆಮ್ಮಿದಿ. ಇವತ್ತು ಮೊದಲನೇ ಸಲ ಹೇಳಿದಿ. ಅದೂ ನಿನ್ನ ಮ್ಯಾಲ ನೀನ."

ಅಂಜಿನಪ್ಪ ನಗಲು ನೋಡಿದ. ಆಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆಕೆ ಮಗಳಿಗೆ ಮತ್ತೆ ಬೈಯಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಅವತ್ತು ಪಕ್ಕದ ಮನೆಗೂ ಕೇಳಿಸಿತು.

ಪಟ್ಟಿ ವಾಟ್ಸ್ಯಾಪಿನಲ್ಲಿ ಬಂತು. ಹದಿನೈದು ಹೆಸರು. ಹದಿನಾಲ್ಕು ಜನ ಒಬ್ಬರಿಗೊಬ್ಬರು ಹೂವಿನ ಚಿತ್ರ ಕಳಿಸಿದರು, ಹದಿನೈದನೆಯವಳು ಭುವನಾ, ಏನೂ ಕಳಿಸಲಿಲ್ಲ. ನಾಗಜ್ಯೋತಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದಳು. ಮರುದಿನ ಕೋಚ್‌ನ ಸಂದೇಶ ಬಂತು. ಅವಳೊಬ್ಬಳಿಗೇ. ಟೀಮಿನಲ್ಲಿ ಇಲ್ಲದಿದ್ದರೂ ಬೇಸರ ಬೇಡ, ನಾಳೆಯಿಂದ ನೆಟ್ಸಿಗೆ ಬಾ, ಕ್ಯಾಂಪಿಗೆ ಹೋಗುವ ಹುಡುಗಿಯರಿಗೆ ಸ್ಪೀಡ್ ಪ್ರಾಕ್ಟೀಸ್ ಬೇಕು. ಕೊನೆಗೆ ಒಂದು ನಮಸ್ಕಾರದ ಚಿತ್ರ.

ಅದನ್ನು ಎರಡು ಸಲ ಓದಿದಳು. ಅವನಿಗೆ ನಾಚಿಕೆ ಇರಲಿಲ್ಲ ಎನ್ನುವಂತಿಲ್ಲ. ನಮಸ್ಕಾರ ಹಾಕಿದ್ದನಲ್ಲ. ಅವಳು ಹೋಗಲಿಲ್ಲ. ಎರಡು ದಿನ ಬಿಟ್ಟು ಅವಳ ನಂಬರನ್ನು ಗುಂಪಿನಿಂದ ತೆಗೆದರು.

ಸೋಮವಾರ ಮೈದಾನ ನೋಡಿಕೊಳ್ಳುವ ಸುಂಕೇಶ ಮೊಪೆಡ್ ಮೇಲೆ ಗೋಣಿಚೀಲ ಹೇರಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದ. ಹರಿದ ಚೆಂಡುಗಳು. ಕ್ಯಾಂಪಿಗೆ ಮುಂಚೆ ಪ್ರಾಕ್ಟೀಸಿಗೆ ಬೇಕಂತೆ. ಎಂದಿನಂತೆ ಅಂಜಿನಪ್ಪನ ಮುಂದೆ ಸುರಿದ. ನಾಗಜ್ಯೋತಿ ಅಪ್ಪನಿಗೆ ಬುತ್ತಿ ತಂದು ಅಲ್ಲೇ ಕೂತಿದ್ದಳು.

ಅಂಜಿನಪ್ಪ ಒಂದು ಚೆಂಡು ಎತ್ತಿಕೊಂಡ. ಅದರ ಸುತ್ತ ಹೆಬ್ಬೆರಳು ಓಡಿಸಿದ. ಎರಡು ತಿಂಗಳ ಹಿಂದೆ ತಾನೇ ಹಾಕಿದ ಹೊಲಿಗೆ. ಒಂದೂ ಬಿಟ್ಟಿರಲಿಲ್ಲ. ಹರಿದದ್ದು ಪಕ್ಕದ ತೊಗಲು. ಅದನ್ನು ಚೀಲಕ್ಕೆ ಹಾಕಿದ. ಇನ್ನೊಂದನ್ನು ಎತ್ತಿ ಹಾಕಿದ. ಒಂದೊಂದನ್ನೇ ಹೆಕ್ಕಿ ಎಲ್ಲವನ್ನೂ ತುಂಬಿ ಚೀಲದ ಬಾಯಿ ಕಟ್ಟಿದ.

"ಏನಣ್ಣ, ಇವತ್ತ ಆಗಂಗಿಲ್ಲೇನು?"

"ನಾಳಿನೂ ಆಗಂಗಿಲ್ಲ."

"ಸಾರಿಗೆ ಏನಂತ ಹೇಳ್ಲಿ?"

"ಅಂಜಿನಪ್ಪ ಕಳ್ಳ ಹೊಲಿಗಿ ಹಾಕ್ತಾನಂತ ಕಾಗದದಾಗ ಬರದಾರಲ್ಲ, ಅದನ್ನ ಓದು ಅನ್ನು. ಕಳ್ಳನ ಕೈಯಾಗ ಯಾಕ ಹೊಲಸ್ತಾರಂತ ಕೇಳು."

"ಅಣ್ಣ, ಹಿಂಗಂದ್ರ ಮಗಳನ್ನ ಮತ್ತ ಒಳಗ ಬಿಡಂಗಿಲ್ಲ ಅವರು. ಒಂದು ವರ್ಷ ಬಿಟ್ಟು ಕೇಳಿಕೊಂಡ್ರ..."

"ಗೊತ್ತೈತಿ."

ಅವನ ಹೆದರಿಕೆ ಹೋಗಿರಲಿಲ್ಲ, ಹೆದರಿಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೇಳಿದ್ದ. ಸುಂಕೇಶ ಚೀಲ ಹೇರಿಕೊಂಡು ಹೋದ. ಅಂಜಿನಪ್ಪ ಮಗಳ ಮುಖ ನೋಡದೆ ಬುತ್ತಿ ಬಿಚ್ಚಿದ.

ಆದೋನಿಯ ಬೆಟ್ಟದ ಬುಡದಲ್ಲಿ, ಗುಂಡುಗಲ್ಲುಗಳ ನಡುವೆ ಒಂದು ಬಯಲಿದೆ. ಗಟ್ಟಿ ನೆಲ. ಒಂದು ಕಡೆ ಜಾಲಿ ಪೊದೆ. ನಾಗಜ್ಯೋತಿ ಬೆಳಿಗ್ಗೆ ಆರಕ್ಕೆ ಅಲ್ಲಿಗೆ ಹೋದಳು. ಹಲಗೆಯಂಥ ಮೂರು ಕಲ್ಲು ಹುಡುಕಿ ನಿಲ್ಲಿಸಿದಳು. ಅಳೆದು ಇಪ್ಪತ್ತೆರಡು ಗಜ ಹಿಂದಕ್ಕೆ ಬಂದು ಗೆರೆ ಕೊರೆದಳು, ಓಟ ಶುರುಮಾಡಲು ಇನ್ನೂ ಹಿಂದೆ ಇನ್ನೊಂದು. ಬಜಾರಿನಿಂದ ತಂದ ಕಾರ್ಕ್ ಬಾಲ್ ಒಂದೇ ಇತ್ತು. ಓಡಿ ಬಂದು ಎಸೆದಳು.

ಚೆಂಡು ಕಲ್ಲಿನ ಪಕ್ಕದಲ್ಲಿ ಹಾದು ಜಾಲಿಯ ಒಳಗೆ ಹೋಯಿತು.

ಅವಳು ಒಂದು ಗಳಿಗೆ ಹಾಗೇ ನಿಂತಳು, ಯಾರಾದರೂ ವಾಪಸು ಎಸೆಯುತ್ತಾರೆ ಎನ್ನುವಂತೆ. ಆಮೇಲೆ ನಡೆದಳು. ಮುಳ್ಳಿನೊಳಗೆ ಕೈ ಹಾಕಿ ತೆಗೆದಳು. ವಾಪಸು ಅಷ್ಟೇ ದೂರ ನಡೆದಳು. ಮತ್ತೆ ಎಸೆದಳು. ಮತ್ತೆ ನಡೆದಳು. ಮೊಣಕೈ ತನಕ ಗೀರು ಬಿದ್ದವು. ಕಲ್ಲಿಗೆ ತಾಗಿ ಕಲ್ಲು ಉರುಳಿದಾಗ ಯಾರೂ ದೂರದಿಂದ ಕೂಡ ಚಪ್ಪಾಳೆ ತಟ್ಟಲಿಲ್ಲ. ಕಲ್ಲನ್ನೂ ಅವಳೇ ಎತ್ತಿ ನಿಲ್ಲಿಸಬೇಕು.

ಬಲೆ ಇಲ್ಲದ ಕಡೆ, ಕೀಪರ್ ಇಲ್ಲದ ಕಡೆ, ಒಬ್ಬಳೇ ಎಸೆಯುವವಳಿಗೆ ಒಂದು ಕಾನೂನಿದೆ. ಓಟ ಉದ್ದವಾದಷ್ಟು ಎಸೆತ ಜೋರು. ಎಷ್ಟು ಜೋರಾಗಿ ಎಸೆದರೆ ಚೆಂಡು ಅಷ್ಟು ದೂರ ಹೋಗುತ್ತದೆ. ಎಷ್ಟು ದೂರ ಹೋದರೆ ಅಷ್ಟು ನಡೆಯಬೇಕು. ಹತ್ತನೇ ಎಸೆತದ ಹೊತ್ತಿಗೆ ಅವಳಿಗೆ ಇದು ತಿಳಿಯಿತು. ಬಿಸಿಲು ಗುಂಡುಗಳ ಮೇಲೆ ಏರುತ್ತಿತ್ತು. ಸ್ವಲ್ಪ ಮೆಲ್ಲಗೆ ಎಸೆದರೆ ಅರ್ಧ ನಡಿಗೆ ಉಳಿಯುತ್ತಿತ್ತು.

ಅವಳು ಓಟ ಶುರುಮಾಡುವ ಗೆರೆಯನ್ನು ಕಾಲಿನಿಂದ ಅಳಿಸಿದಳು. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಹೊಸದು ಕೊರೆದಳು.